ಮೊಳೆಯ ಮೇಲಿನ ರೊಟ್ಟಿ

ಎಲ್ಲಿಂದ ಶುರು ಮಾಡಲಿ? ಮಾವನಿಂದ ಶುರು ಮಾಡಿದರೆ ಆಸ್ಪತ್ರೆ ಬರುತ್ತದೆ, ನೀವು ಆಗಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತೀರಿ. ಅತ್ತೆಯಿಂದ ಮಾಡಿದರೆ ಅವರು ಬೇರೆ ಯಾರಿಗೂ ಬಾಯಿ ತೆರೆಯಲು ಬಿಡುವುದಿಲ್ಲ. ಆದ್ದರಿಂದ ಒಣರೊಟ್ಟಿಯ ಚೀಲದಿಂದ. (ಇದನ್ನೂ ಹೊಡೆದುಹಾಕಿ ಮತ್ತೆ ಬರೆದೆ. ಹಳೆಯ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿರುವುದರಿಂದ ನಷ್ಟವೇನಿಲ್ಲ.)

೧. ಮಾರ್ಗಿಲಾನ್ ಊರಿನ ಖೈರಿನಿಸೊ ಅತ್ತೆಯ ಮನೆಯಲ್ಲಿ ಕಸದ ಬುಟ್ಟಿ ಹೆಸರಿಗೆ ಮಾತ್ರ. ಕಲ್ಲಂಗಡಿ ಸಿಪ್ಪೆ ಹಸುವಿಗೆ, ಪಾತ್ರೆ ತೊಳೆದ ನೀರು ಏಪ್ರಿಕಾಟ್ ಮರಕ್ಕೆ, ಹರಿದ ಅಂಗಿ ಕೌದಿಗೆ, ಉಳಿದ ರೊಟ್ಟಿ ಒಣಗಿ ಚೀಲಕ್ಕೆ. ಪೇಟೆಯಿಂದ ಬಂದ ಸೊಸೆ ಸಾನೊಬರ್ ಹೊಸದರಲ್ಲಿ ರೊಟ್ಟಿಯ ಒಂದು ತುಣುಕು ಎಸೆದಿದ್ದಳು.

"ನಿಮ್ಮಪ್ಪ ಹಿಟ್ಟಿನ ಗಿರಣಿ ಇಟ್ಟಿದ್ನೇನಮ್ಮ?" ಎಂದಿದ್ದರು ಅತ್ತೆ.

ಆ ಮಾತು ಎರಡು ವರ್ಷ ಸಾನೊಬರಳ ಎದೆಯಲ್ಲಿ ಕುದಿಯಿತು.

೨. (ಇಲ್ಲಿ ಪರಿಸರದ ಬಗ್ಗೆ ಒಂದು ಪ್ಯಾರಾ ಇತ್ತು. ಸಂಜೆ ಕಾಲೇಜಿನ ಪ್ರಬಂಧದ ಹಾಗೆ ಕೇಳಿಸಿತು. ತೆಗೆದೆ.)

ಮಾವ ಹೃದಯದ ಆಪರೇಷನ್ನಿಗೆಂದು ತಾಷ್ಕೆಂಟಿಗೆ ಹೊರಟಾಗ ಹೊಸಿಲಲ್ಲಿ ನಿಂತು ಬಿಸಿ ರೊಟ್ಟಿಯನ್ನು ಒಮ್ಮೆ ಕಚ್ಚಿ ಹೆಂಡತಿಯ ಕೈಗಿತ್ತರು. ದೂರ ಹೋಗುವವರು ಹಾಗೆ ಮಾಡಬೇಕು. ತಿರುಗಿ ಬಂದು ಉಳಿದದ್ದನ್ನು ತಿನ್ನುವವರೆಗೆ ಅದು ಗೋಡೆಯ ಮೊಳೆಗೆ ನೇತಾಡಬೇಕು. ಮಾವನಿಗೆ ಮುಂದಿನ ಹಲ್ಲೊಂದು ಇಲ್ಲ. ಕಚ್ಚಿದ ಜಾಗದ ನಡುವೆ ಮೂಗಿನಷ್ಟು ರೊಟ್ಟಿ ಉಳಿದಿತ್ತು.

೩. ಗೋಡೆಗೆ ಸುಣ್ಣ ಹೊಡೆದ ದಿನ ಆ ರೊಟ್ಟಿಯನ್ನು ಇಳಿಸಿದ್ದು ಯಾರು? ಒಂದು ಕರಡಿನಲ್ಲಿ ಅತ್ತೆ, ಇನ್ನೊಂದರಲ್ಲಿ ಸುಣ್ಣದವನು. ಪಕ್ಕದ ಮನೆಯಿಂದ ಹಾಳೆ ಹಿಡಿದು ಹೋಗಿ ಓದಿದಾಗ ಸಾನೊಬರ್ ಎರಡನ್ನೂ ಒಪ್ಪಲಿಲ್ಲ.

"ನಾನೇ ಇಳಿಸ್ದೆ ಅಂತ ಬರೀರಿ. ಸುಣ್ಣ ಸಿಡೀಬಾರ್ದು ಅಂತ ಒಣರೊಟ್ಟಿ ಚೀಲದೊಳಗೆ ಹಾಕ್ದೆ. ಆಮೇಲೆ ಮರ್ತೆ."

"ತಪ್ಪು ನಿನ್ನ ಮೇಲೆ ಬರುತ್ತಲ್ಲಮ್ಮ?"

"ಬಂದಾಗಿದೆ. ನೀವೇನು ಹೊಸದಾಗಿ ತರ್ತೀರಾ?"

ಸುಣ್ಣ ಹೊಡೆದ ಮರುದಿನ ಅವಳು ಚೀಲದ ಬಾಯಿ ಕಟ್ಟಿ, ಲಟ್ಟಣಿಗೆಯಿಂದ ಜಜ್ಜಿ, ಅಷ್ಟನ್ನೂ ಸಾರಿಗೆ ಸುರಿದಳು. ಅತ್ತೆ ಎರಡು ಬಟ್ಟಲು ಖಾಲಿ ಮಾಡಿ ಬಾಯೊರೆಸಿಕೊಂಡರು.

"ಈಗ ಈ ಮನೆಯವಳಾದೆ ಕಣೇ."

ಎರಡು ವರ್ಷ ಕಾದ ಮಾತು. ನಾಚಿ ಮುಖ ತಿರುಗಿಸಿದ ಸಾನೊಬರಳಿಗೆ ಗೋಡೆ ಕಂಡಿತು. ಬೆಳ್ಳಗೆ. ಬರೀ ಮೊಳೆ.

೪. (ಇಲ್ಲಿ ಅವಳು ಅತ್ತಳು ಎಂದು ಬರೆಯಬಹುದಿತ್ತು. ಅವಳು ಹಿಟ್ಟು ಕಲಸಲು ಹೋದಳು.) ಹೊಸ ರೊಟ್ಟಿ ಸುಟ್ಟು, ತಾನೇ ಕಚ್ಚಿ, ಮೊಳೆಗೆ ಹಾಕಿದಳು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ನಿನ್ನ ಮಾವನಿಗೆ ಮುಂದಿನ ಹಲ್ಲು ಯಾವಾಗ ಹುಟ್ಟಿತೇ?"

ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಬೈಯಲಿಲ್ಲ. ರೊಟ್ಟಿಯನ್ನು ಇಳಿಸಿ, ಬಟ್ಟೆಯಲ್ಲಿ ಸುತ್ತಿ, "ನಾನೂ ತಿಂದೆನಲ್ಲ, ಎರಡು ಬಟ್ಟಲು" ಎಂದು ತಮಗೇ ಹೇಳಿಕೊಂಡರು.

ಮುಕ್ತಾಯ, ಒಂದು: ಮಾವ ಬಂದು ನಗುತ್ತಾರೆ. ಇನ್ನೊಂದು: ಬರುವುದಿಲ್ಲ. ಎರಡನ್ನೂ ಬರೆದಿದ್ದೆ. ಸಾನೊಬರ್ ಓದಿ ಹಾಳೆಗಳನ್ನು ವಾಪಸು ಕೊಟ್ಟಳು.

"ಆಪರೇಷನ್ನು ನಾಳೆ. ಇವತ್ತೇ ಯಾಕೆ ಮುಗಿಸ್ತೀರಿ?"

"ಓದೋರು ಕೇಳ್ತಾರಮ್ಮ."

"ಕಾಯ್ಲಿ. ನಾವು ಕಾಯ್ತಿಲ್ವಾ? ನೀವೂ ಕಥೇನ ಒಂದ್ಸಲ ಕಚ್ಚಿ ಬಿಡಿ, ಸಾಕು. ಉಳಿದದ್ದು ಮಾವ ಬಂದ್ಮೇಲೆ."

ಸರಿ, ಬಿಟ್ಟೆ. ಕೊನೆಯ ಹಾಳೆಯನ್ನು ಅವಳೇ ಕಿತ್ತುಕೊಂಡಳು. ಈಗ ಸ್ಟೂಲಿನ ಮೇಲೆ ನಿಂತು ಅದನ್ನು ಆ ಮೊಳೆಗೆ ಚುಚ್ಚುತ್ತಿದ್ದಾಳೆ. ಸ್ಟೂಲು ಅಲುಗದಂತೆ ಹಿಡಿದಿರುವವರು ಅತ್ತೆ.

"ವಾಲ್ತಿದೆ ನೋಡೇ," ಎನ್ನುತ್ತಿದ್ದಾರೆ, "ಒಂಚೂರು ಎಡಕ್ಕೆ, ಅವರು ಬಂದಾಗ