ಸರ್ವಿಸಿಗೆ ಬಂದ ಗಾಡಿಗೇ ಯಾಕೆ ರಿಪೇರಿ ಜಾಸ್ತಿ?

ಮೊಬೈಲು ಬಂದಮೇಲೆ ಮನೆಗೊಬ್ಬ ಡಾಕ್ಟರು ಹುಟ್ಟಿಕೊಂಡಿದ್ದಾನೆ. ಈ ಮನೆಯ ಡಾಕ್ಟರು ಬೈಕ್ ಮೆಕ್ಯಾನಿಕ್ಕು. ಕಲಿತದ್ದು ಎಂಜಿನ್ನು, ಭಾಷಣ ಮಾತ್ರ ಮಕ್ಕಳ ಕಾಯಿಲೆ ಮೇಲೆ.

ಅವತ್ತು ಮಗಳಿಗೆ ದಡಾರದ ಲಸಿಕೆ ಹಾಕಿಸಬೇಕಿತ್ತು. ಹಿಂದಿನ ಬೀದಿಯ ಮಗುವೊಂದು ದಡಾರ ಬಂದು ಆಸ್ಪತ್ರೆ ಸೇರಿತ್ತು. ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೊರಟರೆ, ಇವನು ಗ್ರೀಸ್ ಕೈಯಲ್ಲೇ ಮನೆ ಮುಂದಿನ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತ.

"ಸೂಜಿ ಬೇಡ ಅಂದ್ರೆ ಬೇಡ! ವಿಡಿಯೋದಲ್ಲಿ ಬಂದಿದೆ ಕಣೇ. ಲಸಿಕೆ ಹಾಕಿಸ್ಕೊಂಡ ಮಕ್ಕಳೇ ಜಾಸ್ತಿ ಸಲ ಡಾಕ್ಟರ ಹತ್ರ ಹೋಗಿದ್ದಾವೆ. ಹಾಕಿಸ್ಕೊಳ್ಳದವು ಗುಂಡುಕಲ್ಲಿನ ಹಾಗಿದ್ದಾವೆ. ಲೆಕ್ಕ ಸುಳ್ಳು ಹೇಳುತ್ತಾ?"

"ಲೆಕ್ಕ ಹೇಳಲ್ಲ, ನಿಮ್ಮ ಮೊಬೈಲು ಹೇಳುತ್ತೆ," ಅಂದಳು ಹೆಂಡತಿ.

ಅಷ್ಟರಲ್ಲಿ ಇವನ ಅಕ್ಕ ಬಂದಳು. ಆರೋಗ್ಯ ಕೇಂದ್ರದಲ್ಲಿ ನರ್ಸು. ತಮ್ಮನ ಗ್ಯಾರೇಜಿನಲ್ಲಿ ಮಾತ್ರ ಜಗಳಗಂಟಿ ಗಿರಾಕಿ. ಸರ್ವಿಸಿಗೆ ಬಿಟ್ಟ ಸ್ಕೂಟರು ಬೇಕಿತ್ತು.

"ಅಕ್ಕಾ, ಬ್ರೇಕ್ ಶೂ ಸವೆದಿದೆ. ಕೇಬಲ್ಲೂ ಹರಿಯೋ ಹಾಗಿದೆ."

"ಶುರುವಾಯ್ತಲ್ಲ ನಿನ್ನ ಪುರಾಣ! ಬಿಟ್ಟಾಗಲೆಲ್ಲ ಒಂದೊಂದು ಕಾಯಿಲೆ ಹೇಳ್ತೀಯ. ನಮ್ಮ ಪಕ್ಕದ ಮನೆಯವನು ಗಾಡೀನ ಯಾವ ಗ್ಯಾರೇಜಿಗೂ ತೋರಿಸಿಲ್ಲ, ಒಂದು ರಿಪೇರೀನೂ ಇಲ್ಲ. ಸರ್ವಿಸ್ ಮಾಡ್ಸಿ ಮಾಡ್ಸೀನೇ ನನ್ನದು ಹಾಳಾಯ್ತು!"

ಮೆಕ್ಯಾನಿಕ್ಕಿಗೆ ಕೋಪ ನೆತ್ತಿಗೇರಿತು.

"ತಲೆ ನೆಟ್ಟಗಿದೆಯಾ ಅಕ್ಕಾ? ನೀನು ತರ್ತೀಯ, ನಾನು ಬಿಚ್ಚಿ ನೋಡ್ತೀನಿ, ಕಾಣುತ್ತೆ. ಅವನದ್ದನ್ನ ಯಾರು ಬಿಚ್ಚಿದ್ರು? ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಗೊತ್ತಾಗುತ್ತೆ ಮಗನಿಗೆ! ತೋರಿಸಿದವರದ್ದು ಎಣಿಸಿ, ತೋರಿಸದವರದ್ದು ಸೊನ್ನೆ ಅಂದ್ರೆ ಅದೂ ಒಂದು ಲೆಕ್ಕಾನಾ?"

"ರೀ," ಅಂದಳು ಹೆಂಡತಿ ಮೆಲ್ಲಗೆ, "ಅದನ್ನೇ ಇನ್ನೊಂದ್ಸಲ ಹೇಳಿ. ಮಗೂಗೆ ಸರಿಯಾಗಿ ಕೇಳಿಸ್ಲಿಲ್ಲ."

ಮೆಕ್ಯಾನಿಕ್ಕು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗಿದ. ಹೆಂಡತಿ ವಿಡಿಯೋದ ಕಥೆ ಹೇಳಿದಳು. ಅಕ್ಕ ಹಣೆ ಚಚ್ಚಿಕೊಂಡಳು.

"ಅಯ್ಯೋ, ಸ್ಕೂಟರ್ ವಿಷಯದಲ್ಲಿ ನಾನೂ ಅದೇ ಹಳ್ಳಕ್ಕೆ ಬಿದ್ದೆನಲ್ಲೋ! ಲಸಿಕೆಗೆ ತಪ್ಪದೆ ಬರೋ ತಾಯಿ, ಮಗುವಿನ ಮೂಗು ಸೋರಿದ್ರೂ ಕರ್ಕೊಂಡು ಬರ್ತಾಳೆ. ನಾವು ಬರ್ಕೊಳ್ತೀವಿ. ಬಾರದವರ ಮಗು ಮನೇಲೇ ಕೆಮ್ಮಿದ್ರೆ ಯಾರು ಬರ್ಕೊಳ್ತಾರೆ? ನಿನ್ನ ವಿಡಿಯೋದವನು ಎಣಿಸಿದ್ದು ಕಾಯಿಲೇನಲ್ಲ, ಆಸ್ಪತ್ರೆ ಮೆಟ್ಟಿಲು ಹತ್ತಿದ್ದನ್ನ."

"ಹಂಗಾದ್ರೆ ಸರಿಯಾದ ಲೆಕ್ಕ ಯಾವುದು?"

"ಎರಡೂ ಕಡೆ ಮಕ್ಕಳನ್ನ ಒಂದೇ ಥರ ನೋಡಿದ್ದು. ಅದೇ ವಯಸ್ಸು, ಅದೇ ಥರದ ಮನೆ, ಅಷ್ಟೇ ಸಲ ತಪಾಸಣೆ. ಹಾಗೆ ನೋಡಿದಾಗ, ಲಸಿಕೆ ಹಾಕಿಸ್ಕೊಂಡವರಿಗೆ ದಡಾರ ತೀರಾ ಕಮ್ಮಿ."

"ಸೂಜಿಯಿಂದ ಜ್ವರ ಬಂದ್ರೆ?"

"ಕೆಲವು ಮಕ್ಕಳಿಗೆ ಸ್ವಲ್ಪ ಬರುತ್ತೆ, ಹೋಗುತ್ತೆ. ದಡಾರ ಹಂಗೆ ಸುಮ್ಮನೆ ಹೋಗೋ ನೆಂಟ ಅಲ್ಲ."

ಮೆಕ್ಯಾನಿಕ್ಕು ಕೈ ತೊಳೆದು ಮಗಳನ್ನು ಎತ್ತಿಕೊಂಡ. ಕೇಂದ್ರದ ಸಾಲಿನಲ್ಲಿ ಮತ್ತೆ ಇವನದೇ ಭಾಷಣ, ಈ ಸಲ ತಿರುಗಾಮುರುಗಾ: "ಯಾರನ್ನ ಎಣಿಸಿದ್ರು? ಯಾರನ್ನ ಬಿಟ್ರು? ಕೇಳ್ಬೇಕು ಕಣ್ರೀ!"

ಒಳಗಿಂದ ಅಕ್ಕ ಕೂಗಿದಳು: "ತಮ್ಮಾ, ಬಾಯಿ ಮುಚ್ಕೊಂಡು ಮಗುವಿನ ತೋಳು ತೋರಿಸು!"

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮೊಬೈಲಿಗೂ ಇಂಥ ಲೆಕ್ಕ ಬರುತ್ತೆ. ಕಣ್ಣುಮುಚ್ಚಿ ನಂಬಬೇಡಿ, ಕೆದಕಿ ಕೇಳಿ: ಎರಡೂ ಕಡೆ ಒಂದೇ ಥರ ನೋಡಿದ್ದಾರಾ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ. ಆ ವಿಡಿಯೋ ಮಾಡಿದವನು ನಿಮ್ಮ ಮಗು ಹಾಸಿಗೆ ಹಿಡಿದಾಗ ತಿರುಗಿಯೂ ನೋಡಲ್ಲ. ನರ್ಸನ್ನು ಕೇಳಿ, ಡಾಕ್ಟರನ್ನು ಕೇಳಿ. ಮಗುವಿನ ಲಸಿಕೆ ಬಾಕಿ ಇದ್ದರೆ ಇವತ್ತೇ ಎತ್ತಿಕೊಂಡು ಹೊರಡಿ.