ಅರಿಷಿಣ ಕುಂಕುಮದ ಹೊಲ

ಕನ್ನಡ ನಾಡು ಒಂದಾಗಿ ಎರಡು ಮೂರು ವರ್ಷ ಕಳೆದಿತ್ತು. ಹಿರೇಬೆಂಡಿಗೇರಿಯ ಉಚಿತ ಬೋರ್ಡಿಂಗ್ ಕಮಿಟಿಗೆ ಉಳಿವೆಪ್ಪ ಚೇರಮನ್ ಆಗಿದ್ದ. ಸುತ್ತಲ ಹಳ್ಳಿಗಳಿಂದ ಓದಲು ಬಂದ ಹುಡುಗರು ಕಮಿಟಿಯ ಮಲ್ಲಿಕಸಾಬನ ಹತ್ತಿ ಗೋದಾಮಿನಲ್ಲಿ ಮಲಗುತ್ತಿದ್ದರು. ಅವರಿಗೊಂದು ಕಟ್ಟಡ ಬೇಕಿತ್ತು. ಯುಗಾದಿಯೊಳಗೆ ಜಾಗ ತೋರಿಸಿದರೆ ಸರಕಾರ ಅನುದಾನ ಕೊಡುವುದಿತ್ತು.

ಅದಕ್ಕಾಗಿ ಕೂಡಿಸಿದ ಸಭೆಯಲ್ಲಿ ಕಮಿಟಿಯವನೇ ಆದ ನೀಲಪ್ಪ ಎದ್ದು ನಿಂತ. “ಸವಣೂರ ರಸ್ತೇದ ಮ್ಯಾಲಿನ ನನ್ನ ಹೊಲ ಬೋರ್ಡಿಂಗಿಗೆ ಕೊಟ್ಟೇನಿ” ಎಂದ. ಜನ ಚಪ್ಪಾಳೆ ತಟ್ಟಿದರು. ಯಾರೋ ಹಾರ ಹಾಕಿದರು. ಉಳಿವೆಪ್ಪನೂ ತಟ್ಟಿದ. ಆ ಹೊಲ ಕಾಗದದಲ್ಲಿ ಮಾತ್ರ ನೀಲಪ್ಪನದು ಎಂಬುದು ತಟ್ಟುವಾಗಲೇ ಅವನಿಗೆ ಗೊತ್ತಿತ್ತು.

ನೀಲಪ್ಪನ ತಂಗಿ ಸಾವಂತ್ರವ್ವನ ಮದುವೆಯಲ್ಲಿ ಅವರಪ್ಪ ಅದನ್ನು ಅರಿಷಿಣ ಕುಂಕುಮಕ್ಕೆಂದು ಮಗಳಿಗೆ ಕೊಟ್ಟಿದ್ದ. ಹಾಗೆ ಕೊಟ್ಟದ್ದನ್ನು ಈ ಕಡೆ ಯಾರೂ ಬರೆಸುವುದಿಲ್ಲ. ಹಿರಿಯರ ಎದುರು ಹೇಳಿದರೆ ಆಯಿತು. ಕಂದಾಯ ಅಣ್ಣನ ಹೆಸರಿನಲ್ಲೇ ಹೋಗುತ್ತದೆ, ಬೆಳೆ ತಂಗಿಯ ಮನೆಗೆ ಬರುತ್ತದೆ. ಸಾವಂತ್ರವ್ವನನ್ನು ಊರಲ್ಲೇ ಕೊಟ್ಟಿದ್ದರು. ಹೋದ ವರ್ಷ ಅವಳ ಗಂಡ ತೀರಿಕೊಂಡಿದ್ದ.

ಸಭೆಯ ಸುದ್ದಿಯನ್ನು ಅವಳಿಗೆ ಯಾರೂ ಮುಟ್ಟಿಸಿರಲಿಲ್ಲ. ಹೊಲ ಅಳೆಯುವ ಮೋಜಣಿಯವರು ಸರಪಳಿ ಹಿಡಿದು ಹತ್ತಿಯ ಬೆಳೆಯೊಳಗೆ ಇಳಿದಾಗಲೇ ಅವಳಿಗೆ ವಿಷಯ ತಿಳಿದದ್ದು. ಮರುದಿನ ಉಳಿವೆಪ್ಪನ ಪಡಸಾಲೆಯಲ್ಲಿ ಕಮಿಟಿ ಕೂತಾಗ ಬಂದು ಬಾಗಿಲ ಹತ್ತಿರ ನಿಂತಳು.

“ಒಳಗ ಬಾರವಾ, ಕುಂದ್ರು” ಎಂದ ಉಳಿವೆಪ್ಪ.

“ಇಲ್ಲೇ ಇರ್ತೇನ್ರಿ. ನನ್ನ ಹೊಲಾ ಯಾಕ ಅಳ್ಯಾಕತ್ತೀರಿ? ಅಷ್ಟ ಹೇಳ್ರಿ.”

ನೀಲಪ್ಪ ತಂಗಿಯ ಕಡೆ ನೋಡಲಿಲ್ಲ. “ಕುಂಕುಮಕ್ಕಂತ ಕೊಟ್ಟ ಹೊಲ. ಕುಂಕುಮ ಹೋದ ಮ್ಯಾಲ ತವರಿಗೆ ತಿರುಗ್ತೈತಿ. ಹಿರ್ಯಾರು ಹಂಗ ಹೇಳ್ತಾರ.”

“ಯಾವ ಹಿರ್ಯಾರಪಾ?” ಎಂದ ಮಲ್ಲಿಕಸಾಬ. “ಆ ಮದುವ್ಯಾಗ ನಾನೂ ಇದ್ದೆ. ನಿಮ್ಮಪ್ಪ ಹಂಗ ಅಂದಿದ್ದು ನಾ ಕೇಳಿಲ್ಲ.”

“ಸಾಬ್ರ, ನಿಮ್ಮ ಧ್ಯಾನ ಹೋಳಿಗಿ ಮ್ಯಾಲಿತ್ತು.”

“ಹೌದಪಾ, ಬಾಯಿ ತುಂಬಿತ್ತು. ಕಿವಿ ಖಾಲಿ ಇತ್ತಲ್ಲ!”

ಉಳಿವೆಪ್ಪ ಎರಡೂ ಕಡೆಯವರನ್ನು ಸಮಾಧಾನ ಮಾಡಿ ಎಷ್ಟೋ ಜಗಳ ಬಗೆಹರಿಸಿದವನು. ಈಗಲೂ ದಾರಿ ಹೊಳೆಯಿತು. ಹೊಳೆದದ್ದಕ್ಕೆ ಒಳಗೊಳಗೇ ಹಿಗ್ಗಿದ.

“ತಂಗೆವ್ವ, ಹಿಂಗ ಮಾಡೂಣು. ಬೋರ್ಡಿಂಗ್ ಆದ ಮ್ಯಾಲ ಅಡಿಗಿ ಮಾಡಾಕ ನಿನ್ನ ತಗೊಂತೇವಿ. ತಿಂಗಳಾ ಪಗಾರ. ಬಿಸಲಾಗ ದುಡಿಯೂದು ತಪ್ಪತೈತಿ.”

ಸಾವಂತ್ರವ್ವ ಅವನನ್ನೇ ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ. “ನನ್ನ ಹೊಲದಾಗ ನಾ ಪಗಾರಕ್ಕ ರೊಟ್ಟಿ ಬಡೀಬೇಕೇನಣ್ಣಾ?”

ಅಷ್ಟು ಹೇಳಿ ಸೆರಗು ಸರಿಪಡಿಸಿಕೊಂಡು ಹೊರಟುಹೋದಳು. ಉಳಿವೆಪ್ಪನ ಕಿವಿ ಬಿಸಿಯಾದವು. ಅಡಿಗೆಯ ಮಾತು ತನ್ನ ಬಾಯಿಂದಲೇ ಬಂದಿತ್ತು, ಅದೂ ಉಪಕಾರ ಮಾಡಿದವನ ದನಿಯಲ್ಲಿ.

ಅವನು ನೀಲಪ್ಪನ ಕಡೆ ತಿರುಗಿ ಹೇಳಿದ: “ನೀಲಪ್ಪಾ, ನೀ ಹೊರಗ ಕುಂದ್ರು. ಇದು ನಿನ್ನ ಮಾತು, ನಿನ್ನ ಮುಂದ ತೀರ್ಮಾನ ಆಗಬಾರದು.”

“ಹಾರ ಹಾಕಿಸ್ಕೊಂಡೇನಿ ಮಾರಾಯ. ಈಗ ತಿರುಗಿ ಕೊಟ್ರ ಸಂತ್ಯಾಗ ಹ್ಯಾಂಗ ಮಾರಿ ತೋರಿಸ್ಲಿ?”

“ನಿನಗೊಬ್ಬಗ ನಾಚಿಕಿ ಅಲ್ಲೋ. ಗೊತ್ತಿದ್ದೂ ಸುಮ್ನ ಕುಂತಾವ್ರು ನಾವು. ಎದ್ದೇಳು.”

ನೀಲಪ್ಪ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತ. ಒಳಗೆ ಕಮಿಟಿಯ ಇನ್ನೊಬ್ಬ ಸದಸ್ಯ ಮೈಲಾರಲಿಂಗಪ್ಪ ಮೆಲ್ಲಗೆ, “ಅನುದಾನ ಹೋಗತೈತಿ ನೋಡ್ರಿ” ಎಂದ. “ಹೋಗ್ಲಿ” ಎಂದ ಮಲ್ಲಿಕಸಾಬ. “ಗೋದಾಮು ಇನ್ನೊಂದು ವರ್ಷ ಇರ್ಲಿ. ಹತ್ತಿ ಎಲ್ಲ್ಯರೆ ಒಟ್ಟತೇನಿ.” ಹೊಲ ಒಲ್ಲೆ ಅನ್ನುವವರು ಕೈ ಎತ್ತಲಿ ಎಂದ ಉಳಿವೆಪ್ಪ. ಕಡೆಗೆ ಮೈಲಾರಲಿಂಗಪ್ಪನೂ ಎತ್ತಿದ. ದಾನ ಬೇಡವೆಂದು ತೀರ್ಮಾನವಾಯಿತು.

ಸುದ್ದಿ ತಾನೇ ಹೇಳಬೇಕೆಂದು ಉಳಿವೆಪ್ಪ ಹೊಲಕ್ಕೆ ಹೋದ. ಸಾವಂತ್ರವ್ವ ಉಡಿಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು.

“ಹೊಲ ನಿಂದವಾ. ಕಮಿಟಿ ಒಲ್ಲೆ ಅಂದೈತಿ.”

ಅವಳ ಮುಖ ಸಡಿಲಾದೀತೆಂದು ಕಾದ. ಅವಳು ಉಡಿಯ ಹತ್ತಿಯನ್ನು ಒತ್ತಿಕೊಂಡು ಕೇಳಿದಳು: “ಹಂಗಾರ ಹುಡುಗ್ರು?”

“ಗೋದಾಮಿನಾಗ.”

“ಆ ರಸ್ತೇ ಕಡಿ ಮೂಲಿ ಐತಲ್ಲಣ್ಣಾ, ಅಲ್ಲೆ ಕಲ್ಲ ಭಾಳ. ಬೆಳಿ ಬರೂದಿಲ್ಲ. ಮೊದಲ ಬಂದು ಕೇಳಿದ್ರ ನಾನ ಕೊಡ್ತಿದ್ದೆ. ಒಬ್ಬರೂ ಕೇಳಲಿಲ್ಲ.”

ಉಳಿವೆಪ್ಪನ ನಾಲಿಗೆಯ ತುದಿಗೆ ಮಾತು ಬಂತು. ಅವಳು ಅದನ್ನು ಕಂಡಳು.

“ಈಗ ಬ್ಯಾಡ್ರಿ. ಈಗ ಕೊಟ್ರ ಅಂಜಿ ಕೊಟ್ಟಂಗ ಆಗತೈತಿ.”

ಅವಳು ಮುಂದಿನ ಸಾಲಿಗೆ ಹೋದಳು. ಊರ ಅಗಸಿ ಬಾಗಿಲಲ್ಲಿ ಕೂತಿದ್ದ ಜನ ಉಳಿವೆಪ್ಪ ಬರುವುದನ್ನು ನೋಡಿ, “ಚೇರಮನ್‌ರ, ಪಾಯಾ ಯಾವಾಗ ತಗಿಸ್ತೀರಿ?” ಎಂದು ಕೂಗಿದರು.

“ಈ ವರ್ಷ ಇಲ್ಲ” ಎಂದ ಅವನು.

“ಯಾಕ್ರಿ, ಏನಾತು?”

ಸರಕಾರದ್ದು ತಡ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಉಳಿವೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅವರ ನಡುವೆ ಕೂತ. “ಹೇಳ್ತೇನಿ, ಕೇಳ್ರಿ” ಎಂದ.