ಕೇಶವಮೂರ್ತಿಯವರ ಷೆರಿಫ್

ರಚನಾಗೆ ತನ್ನ ಮಾವನ ಮೇಲೆ ಗೌರವವಿತ್ತು. ಅವರು ಓದುವ ಪುಸ್ತಕಗಳ ಮೇಲೆ ಎಳ್ಳಷ್ಟೂ ಇರಲಿಲ್ಲ.

ಕೇಶವಮೂರ್ತಿ ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಸ್ಕ್ರಿಪ್ಸ್ ರ್ಯಾಂಚ್‌ನ ಮನೆಯ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಲೈಬ್ರರಿಯಿಂದ ತಂದ ಪತ್ತೇದಾರಿ ಕಾದಂಬರಿಗಳನ್ನು ಒಂದಾದ ಮೇಲೊಂದು ಮುಗಿಸುತ್ತಿದ್ದರು. ಎಲ್ಲದರಲ್ಲೂ ಒಂದು ಪುಟ್ಟ ಊರು, ಒಂದು ಕೊಲೆ, ಅದನ್ನು ಪತ್ತೆಹಚ್ಚುವ ಒಬ್ಬ ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ. ಲಾಂಗ್ ಬೀಚ್‌ನಲ್ಲಿ ಆರೋಪಿಗಳ ಪರ ವಕೀಲೆಯಾಗಿದ್ದ ರಚನಾ, ವಾರಾಂತ್ಯಕ್ಕೆ ಗಂಡ ಗಿರಿಧರನ ಜೊತೆ ಬಂದಾಗಲೆಲ್ಲ ಆ ರಟ್ಟುಗಳನ್ನು ನೋಡಿ ಮೂಗು ಮುರಿಯುತ್ತಿದ್ದಳು. ಒಮ್ಮೆ ಹಟಕ್ಕೆ ಬಿದ್ದು ಒಂದನ್ನು ಪೂರ್ತಿ ಓದಿದಳು.

"ಸಾವಿರ ಜನ ಇರೋ ಊರು ಮಾವ. ವರ್ಷಕ್ಕೆ ಆರು ಕೊಲೆ. ಆದ್ರೂ ಯಾರೂ ಮನೆಗೆ ಬೀಗ ಹಾಕಲ್ಲ! ಷೆರಿಫ್‌ಗೆ ಹೆಂಡತಿ ತೀರಿಹೋಗಿರಬೇಕು, ಮಂಡಿನೋವು ಇರಬೇಕು, ಒಂದು ಮುದಿನಾಯಿ ಇರಬೇಕು. ಕೋರ್ಟಿಲ್ಲ, ಲಾಯರಿಲ್ಲ. ಕೊಲೆಗಾರ ಕೊನೇಲಿ ತಾನೇ ಅತ್ತು ಒಪ್ಕೋತಾನೆ. ನನ್ನ ಕ್ಲೈಂಟ್‌ಗಳು ಜಾಮೀನಿಗೆ ಗತಿಯಿಲ್ದೆ ತಿಂಗಳುಗಟ್ಟಲೆ ಒಳಗೆ ಕೊಳೀತಾರೆ, ಗೊತ್ತಾ?"

"ಆ ನಾಯಿ ಪಾತ್ರ ಚೆನ್ನಾಗಿದೆ, ಅಲ್ವಾ?" ಎಂದರು ಕೇಶವಮೂರ್ತಿ.

ಅತ್ತೆ ಶೋಭಾ ಸಂತೋಷದಿಂದ ಉಪ್ಪಿಟ್ಟು ಬಡಿಸಿದರು. ಗಂಡನನ್ನು ಬಯ್ಯಲು ಮನೆಯಲ್ಲಿ ಇನ್ನೊಬ್ಬರು ಸಿಕ್ಕಿದ್ದರು.

ಎರಡು ಸಾವಿರದ ಇಪ್ಪತ್ತಮೂರರ ಚಳಿಗಾಲದಲ್ಲಿ ಮಾವನಿಗೆ ಅಂಥದೇ ಒಂದು ಊರನ್ನು ಕಣ್ಣಾರೆ ನೋಡುವ ಆಸೆಯಾಯಿತು. ಗಿರಿಧರನಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಹಾಗಾಗಿ ರಚನಾಳೇ ಮಾವನನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಮರುಭೂಮಿ ದಾಟಿ, ಬೆಟ್ಟದ ಮೇಲಿನ ಒಂದು ಸಣ್ಣ ಊರಿಗೆ ಡ್ರೈವ್ ಮಾಡಿದಳು. ಒಂದೇ ಬೀದಿ. ಮರದ ಮುಂಗಟ್ಟಿನ ಅಂಗಡಿಗಳು, ಒಂದು ಚರ್ಚು, ಷೆರಿಫ್ ಆಫೀಸಿನ ಫಲಕ. ಪ್ರವಾಸಿಗರಿಗಾಗಿ ಬಣ್ಣ ಬಳಿದ ನಾಟಕದ ಪರದೆಯಂತೆ ಕಂಡಿತು ಅವಳಿಗೆ. ಮಾವ ಮಾತ್ರ ಕಾರಿನಿಂದ ಇಳಿಯುವಾಗಲೇ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಅತ್ತೆ ಸ್ನಾನಕ್ಕೆ ಹೋದಾಗ ರಚನಾ ಕಾಫಿ ತರಲು ಹೊರಟಳು. ಮಾವ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಟಿದ್ದರು. ಅವಳು ಲೋಟಗಳನ್ನು ಹಿಡಿದು ಬರುವಾಗ ಬೀದಿಯ ತಿರುವಿನಲ್ಲಿ ಕೆಂಪು ನೀಲಿ ದೀಪ ಮಿನುಗುತ್ತಿತ್ತು. ಮಾವ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದರು. ಮಂಕಿ ಕ್ಯಾಪ್ ಪೊಲೀಸ್ ಕಾರಿನ ಬಾನೆಟ್ ಮೇಲಿತ್ತು. ಕೈಗಳೆರಡೂ ಮಂಡಿಯ ಮೇಲೆ, ಬೆರಳು ಬಿಚ್ಚಿ, ಎದುರಿಗಿದ್ದವನು ಹೇಳಿದ ಹಾಗೆ.

ಹಳೆಯ ಮರದ ಮನೆಗಳ ಫೋಟೋ ತೆಗೆಯುತ್ತಿದ್ದರಂತೆ. ಮುಖ ಮುಚ್ಚಿಕೊಂಡ ಯಾರೋ ಮನೆಗಳಲ್ಲಿ ಇಣುಕುತ್ತಿದ್ದಾನೆಂದು ಫೋನ್ ಹೋಗಿತ್ತು. ಷೆರಿಫ್ ಆಫೀಸಿನ ಡೆಪ್ಯುಟಿ, ಗಿರಿಧರನಿಗಿಂತ ಚಿಕ್ಕವನು, ಒಂದು ಕೈಯನ್ನು ಪಿಸ್ತೂಲಿನ ಹತ್ತಿರವೇ ಇಟ್ಟುಕೊಂಡು ನಿಂತಿದ್ದ. ಎದುರಿನ ಅಂಗಡಿಯ ಗಾಜಿನ ಹಿಂದೆ ಹಿಂದಿನ ದಿನ ಅವರಿಗೆ ಸೇಬಿನ ಪೈ ಮಾರಿದ ಹೆಂಗಸು ನೋಡುತ್ತಿದ್ದಳು. ಅವಳು ಹೊರಗೆ ಬರಲಿಲ್ಲ.

ರಚನಾ ಕಾಫಿ ನೆಲಕ್ಕಿಟ್ಟು ತಾನು ವಕೀಲೆ ಎಂದಳು. ಯಾವ ಆಧಾರದ ಮೇಲೆ ಕೂರಿಸಿದ್ದೀಯೆಂದು ಕೋರ್ಟಿನ ಇಂಗ್ಲಿಷಿನಲ್ಲಿ ಕೇಳಿದಳು. ಸ್ವಲ್ಪ ಹೊತ್ತಿನಲ್ಲೇ ಅವನು ಮಾವನಿಂದ ತೆಗೆದುಕೊಂಡಿದ್ದ ಫೋನ್ ವಾಪಸು ಕೊಟ್ಟು, ಕ್ಯಾಪನ್ನು ಬಾನೆಟ್ ಮೇಲೆಯೇ ಬಿಟ್ಟು ಕಾರು ಹತ್ತಿದ. ಕಾರು ಹೊರಟಾಗ ಕ್ಯಾಪ್ ರಸ್ತೆಗೆ ಬಿತ್ತು. ಮಾವನೇ ಬಗ್ಗಿ ಎತ್ತಿಕೊಂಡರು.

ಅಂದೇ ಹಿಂದಿರುಗಿದರು. ಮನೆ ಹತ್ತಿರವಾದಾಗ ರಚನಾಗೆ ತಡೆಯಲಾಗಲಿಲ್ಲ.

"ಈಗ ಗೊತ್ತಾಯ್ತಾ ಮಾವ, ನಿಮ್ಮ ಷೆರಿಫ್ ಎಂಥವನು ಅಂತ?"

"ಸಾಕು ಸುಮ್ನಿರೇ," ಎಂದರು ಶೋಭಾ. ಮೊದಲ ಸಲ ಅವರು ಗಂಡನ ಪಕ್ಷ ವಹಿಸಿದ್ದರು.

"ಎರಡು ಸಲ ನನ್ನ ಹೆಸರು ಹೇಳ್ದೆ," ಎಂದರು ಕೇಶವಮೂರ್ತಿ ಕಿಟಕಿಯ ಕಡೆ ನೋಡುತ್ತ. "ಅವನು ಕೇಳಿಸ್ಕೊಳ್ಳಲೇ ಇಲ್ಲ."

ಇನ್ನು ಮಾವ ಆ ಕಸವನ್ನು ಓದುವುದಿಲ್ಲವೆಂದು ರಚನಾ ಅಂದುಕೊಂಡಿದ್ದಳು. ಮುಂದಿನ ವಾರಾಂತ್ಯ ಬಂದಾಗ ಹಿತ್ತಿಲಲ್ಲಿ ಮಾವನ ತೊಡೆಯ ಮೇಲೆ ಹೊಸದೊಂದು ದಪ್ಪ ಪುಸ್ತಕವಿತ್ತು. ಅವಳ ಮೈ ಉರಿಯಿತು.

"ಇನ್ನೂ ಓದ್ತೀರಾ? ಅಷ್ಟೆಲ್ಲ ಆದ್ಮೇಲೂ?"

"ಸುಳ್ಳು ಅಂತ ಗೊತ್ತಮ್ಮ. ನಾನೇನು ದಡ್ಡನಾ?" ಅವರ ದನಿ ಏರಿತ್ತು. "ಇದ್ರಲ್ಲಿ ಮೊದ್ಲು ಒಬ್ಬ ಪರವೂರಿನವನನ್ನ ತಪ್ಪಾಗಿ ಹಿಡೀತಾರೆ. ಕೊನೇಲಿ ಷೆರಿಫ್ ಅವನ ಮನೇಗೆ ಹೋಗಿ, ಹ್ಯಾಟ್ ತೆಗೆದು, ಹೆಸರು ಹಿಡಿದು ಕರೆದು, ತಪ್ಪಾಯ್ತು ಅಂತಾನೆ. ನಿನ್ನ ಕೋರ್ಟಲ್ಲಿ ಯಾರಾದ್ರೂ ಹಾಗಂದಿದ್ದು ನೋಡಿದ್ದೀಯಾ?"

ಅವಳು ನೋಡಿರಲಿಲ್ಲ. ಒಳಗೆ ಹೋಗಿ ಲ್ಯಾಪ್‌ಟಾಪ್ ತೆಗೆದು ಆ ಷೆರಿಫ್ ಆಫೀಸಿಗೆ ದೂರು ಬರೆದಳು. ಹಣ ಬೇಡ, ಕ್ಷಮೆ ಕೇಳಿದರೆ ಸಾಕು ಎಂದು ಬರೆದಳು. ಬರೆಯುವಾಗಲೇ ತನ್ನ ಮೇಲೆಯೇ ನಗು ಬಂತು. ಅಂಥ ಬೇಡಿಕೆ ಇಟ್ಟ ಕ್ಲೈಂಟನ್ನು ಅವಳು ಮಗುವೆಂದು ತಿಳಿಯುತ್ತಿದ್ದಳು.

ಬೇಸಿಗೆಯಲ್ಲಿ ಅವಳ ಫೋನಿಗೆ ಉತ್ತರ ಬಂತು. ಅಡುಗೆಮನೆಯಲ್ಲಿ ನಿಂತು ಅವಳು ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದಳು. ಪರಿಶೀಲಿಸಲಾಗಿದೆ, ನಮ್ಮ ಸಿಬ್ಬಂದಿ ನಿಯಮದಂತೆಯೂ ಸೌಜನ್ಯದಿಂದಲೂ ನಡೆದುಕೊಂಡಿದ್ದಾರೆ, ನಮ್ಮ ಊರಿಗೆ ಮತ್ತೆ ಬನ್ನಿ.

"ಯಾರು ಬರೆದಿರೋದು?"

"ಹೆಸರಿಲ್ಲ."

ಕೇಶವಮೂರ್ತಿ ಫೋನ್ ಇಸಿದುಕೊಂಡು, ಕನ್ನಡಕ ಏರಿಸಿ, ಆ ನಾಲ್ಕು ಸಾಲುಗಳನ್ನು ತಾವೇ ಓದಿದರು. ಹಳಸಿದ ಸಾರಿನ ಪಾತ್ರೆ ಸರಿಸುವಂತೆ ಫೋನನ್ನು ಅತ್ತ ತಳ್ಳಿದರು.

"ಥೂ. ಸುಳ್ಳು ಬರೆಯೋಕೂ ಸ್ವಲ್ಪ ಶ್ರಮ ಪಡಬೇಕಮ್ಮ," ಎಂದು ಎದ್ದು ಹಿತ್ತಿಲಿಗೆ ಹೋದರು.